ಟ್ಯಾಪೆಟ್ ಕವರ್ ಚರಿತ್ರೆ: ಬಿಗಿ ಮಾಡಿದಷ್ಟೂ ಸೋರೋ ಮುಚ್ಚಳ

ಕಡೂರಿನಿಂದ ತರೀಕೆರೆವರೆಗೆ ಹೆದ್ದಾರಿ ಪಕ್ಕದ ಗ್ಯಾರೇಜುಗಳಲ್ಲಿ ‘ವಾಲ್ವ್ ಕವರ್’ ಅಂದ್ರೆ ಅರ್ಧ ಜನ ಮುಖ ನೋಡ್ತಾರೆ. ‘ಟ್ಯಾಪೆಟ್ ಕವರ್’ ಅನ್ನಿ, ಕೈ ಸೀದಾ ಎಂಜಿನ್ ತಲೆ ಮೇಲಿನ ಮುಚ್ಚಳಕ್ಕೆ ಹೋಗತ್ತೆ. ಅದರಡಿಯ ಗ್ಯಾಸ್ಕೆಟ್‌ಗೆ ಹೆಸರು ‘ಪ್ಯಾಕಿಂಗ್’. ಟ್ಯಾಪೆಟ್ ಸಂದು ಸರಿಮಾಡೋಕೆ ಆ ಮುಚ್ಚಳವನ್ನ ಮತ್ತೆ ಮತ್ತೆ ಬಿಚ್ಚಬೇಕಿದ್ದ ಕಾಲದ ಹೆಸರು ಇದು. ಇವತ್ತು ಎಷ್ಟೋ ಕಾರುಗಳಲ್ಲಿ ಆ ಕೆಲಸವೇ ಇಲ್ಲ, ಹೆಸರು ಮಾತ್ರ ಉಳಿದಿದೆ. ಹೆಸರಿನ ಜೊತೆ ಆ ಕಾಲದ ಕೈಚಳಕವೂ ಉಳಿದಿದೆ ಕಣ್ರೋ, ತೊಂದರೆ ಇರೋದು ಅಲ್ಲೇ.

ಮೊದಮೊದಲ ಓವರ್‌ಹೆಡ್ ವಾಲ್ವ್ ಎಂಜಿನ್‌ಗಳಿಗೆ ಮುಚ್ಚಳವೇ ಇರಲಿಲ್ಲ. ರಾಕರ್‌ಗಳು ಬಯಲಲ್ಲೇ ಕುಣೀತಿದ್ವು, ಎಣ್ಣೆ ಡಬ್ಬಿ ಹಿಡಿದು ಕೈಯಲ್ಲೇ ಹನಿ ಬಿಡಬೇಕಿತ್ತು. ಆಮೇಲೆ ಪಂಪ್‌ನಿಂದಲೇ ಆಯಿಲ್ ಮೇಲಕ್ಕೆ ಹತ್ತೋ ಹಾಗಾಯ್ತು. ಹತ್ತಿದ ಆಯಿಲ್ ಹೊರಗೆ ಚೆಲ್ಲಬಾರದಲ್ಲ, ಮುಚ್ಚಳ ಬಂತು. ಮುಚ್ಚಳದ ಹಿಂದೇನೇ ಸೋರಿಕೆಯೂ ಬಂತು.

ನಮ್ಮ ಕಡೆಯ ಕಥೆ ಅಂಬಾಸಿಡರ್‌ದು. 1950ರ ದಶಕದ ಕೊನೆಯಲ್ಲಿ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗೋಕೆ ಶುರುವಾದ ಈ ಕಾರಿಗೆ ಸ್ವಲ್ಪದರಲ್ಲೇ 1489 ಸಿಸಿಯ ಬ್ರಿಟಿಷ್ ಎಂಜಿನ್ ಬಂತು. ಅದರ ಮುಚ್ಚಳ ಬರೀ ತಗಡು. ಅಡಿಯಲ್ಲಿ ಕಾರ್ಕ್ ಪ್ಯಾಕಿಂಗ್, ಮೇಲೆ ಎರಡೇ ಎರಡು ನಟ್. ಕಾರ್ಕ್ ಅಂದ್ರೆ ಮರದ ತೊಗಟೆ. ಬಿಸಿಗೆ ಒಣಗತ್ತೆ, ಕುಗ್ಗತ್ತೆ, ಜಿನುಗೋಕೆ ಶುರು. ಆಗ ನಟ್ ಇನ್ನೊಂದು ಸುತ್ತು ತಿರುಗಿಸಬೇಕು ಅಂತ ಯಾರಿಗಾದ್ರೂ ಅನ್ಸತ್ತೆ. ತಿರುಗಿಸಿದ್ರೆ ತಗಡು ನಡುವೆ ತಗ್ಗಿ ಅಂಚು ಎದ್ದೇಳತ್ತೆ, ಮೊದಲಿಗಿಂತ ಜಾಸ್ತಿ ಸೋರತ್ತೆ. ಅದಕ್ಕೆ ಗಮ್ ಬಳಿ, ಮತ್ತೆ ಬಿಗಿ ಮಾಡು. ಈ ಅಭ್ಯಾಸ ಗುರುವಿನಿಂದ ಶಿಷ್ಯನಿಗೆ ದಾಟಿತು. ಅವರನ್ನ ದಡ್ಡರು ಅನ್ನೋಕಾಗಲ್ಲ. ಆ ತಗಡಿನ ಜೊತೆ ಬಾಳೋಕೆ ಕಲಿತ ದಾರಿ ಅದು.

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು, ಮರುವರ್ಷ ನಾವು ಓಮ್ನಿ ಅನ್ನೋ ವ್ಯಾನ್. ಎರಡಕ್ಕೂ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಕ್ಯಾಮ್‌ಶಾಫ್ಟ್ ತಲೆಯ ಮೇಲೇ. ಅಜ್ಜಂಪುರದ ಈರುಳ್ಳಿ ಚೀಲ, ಕಡೂರಿನ ತೆಂಗಿನಕಾಯಿ, ಮದುವೆ ದಿಬ್ಬಣ, ಎಲ್ಲಕ್ಕೂ ಒಂದೇ ಗಾಡಿ ಓಮ್ನಿ. ಅದರ ಎಂಜಿನ್ ಮುಂದಿನ ಸೀಟಿನ ಅಡಿಯಲ್ಲೇ ಅಲ್ವಾ! ಹಾಗಾಗಿ ಟ್ಯಾಪೆಟ್ ಕವರ್ ಸೋರಿದ್ರೆ ಯಾರೂ ಹೇಳಬೇಕಿಲ್ಲ, ಸುಟ್ಟ ಆಯಿಲ್ ವಾಸನೆ ಕೂತವರ ಮೂಗಿಗೇ ಬರ್ತಿತ್ತು. ಲಿಂಗದಹಳ್ಳಿ ದಾಟಿ ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿ ಕಡೆ ಏರುವಾಗ ಇನ್ನೂ ಜಾಸ್ತಿ. ಎಂಜಿನ್ ಕಾದಿರತ್ತೆ, ಆಯಿಲ್ ತೆಳುವಾಗಿರತ್ತೆ, ಜಿನುಗಿದ್ದು ಬಿಸಿ ಎಕ್ಸಾಸ್ಟ್ ಮೇಲೆ ಬಿದ್ರೆ ಹೊಗೆ. ಅದನ್ನ ತಮಾಷೆ ಅಂದ್ಕೋಬೇಡಿ, ಬೆಂಕಿ ಹತ್ತೋದೂ ಹೀಗೇ.

ಅಷ್ಟರಲ್ಲಿ ಕಾರ್ಕ್ ಜಾಗಕ್ಕೆ ಅಚ್ಚಿನ ರಬ್ಬರ್ ಬಂದಿತ್ತು, ಆಮೇಲೆ ಎಷ್ಟೋ ಕಾರುಗಳಲ್ಲಿ ಮುಚ್ಚಳವೇ ಪ್ಲಾಸ್ಟಿಕ್ ಆಯ್ತು. ಎರಡು ನಟ್ ಹೋಗಿ ಸುತ್ತಲೂ ಸಾಲು ಬೋಲ್ಟ್. ರಬ್ಬರ್‌ಗೆ ಬೇಕಾದ್ದು ಸುತ್ತಲೂ ಒಂದೇ ಸಮನಾದ ಒತ್ತು, ಅಷ್ಟೇ. ಅಂಬಾಸಿಡರ್ ಕೈಯಲ್ಲಿ ಪ್ಲಾಸ್ಟಿಕ್ ಕವರ್ ಬಿಗಿ ಮಾಡಿದ್ರೆ ಬೋಲ್ಟ್ ಸುತ್ತ ಕೂದಲೆಳೆ ಬಿರುಕು ಬಿಡತ್ತೆ, ಇಲ್ಲಾ ಹೆಡ್‌ನ ಅಲ್ಯೂಮಿನಿಯಂ ಮರೆ ಕಿತ್ತು ಬರತ್ತೆ. ಕಡಿಮೆ ದುಡ್ಡಲ್ಲಿ ಮುಗಿಯಬೇಕಿದ್ದ ಕೆಲಸ ದೊಡ್ಡ ಖರ್ಚಿಗೆ ಹೋಗತ್ತೆ.

ಈಗ ಮನೆಯ ಕಾರಿನ ಕವರ್ ಬದಲಾಯಿಸ್ತಿದ್ದೀರಿ ಅನ್ಕೊಳ್ಳಿ. ಎಂಜಿನ್ ಪೂರ್ತಿ ತಣ್ಣಗಾಗಲಿ. ಬಿಚ್ಚೋ ಮೊದಲು ಸುತ್ತಲಿನ ಧೂಳು ಒರೆಸಿ. ಕಡೂರು, ಅಜ್ಜಂಪುರದ ಬಯಲಿನ ಧೂಳು ಕ್ಯಾಮ್‌ಶಾಫ್ಟ್ ಮೇಲೆ ಬಿದ್ರೆ ಸೋರಿಕೆಗಿಂತ ದೊಡ್ಡ ತಲೆನೋವು. ಹಳೇ ಪ್ಯಾಕಿಂಗ್ ಚೂರು, ಹಳೇ ಗಮ್ ಎಲ್ಲ ತೆಗೀರಿ, ಆದ್ರೆ ಸ್ಕ್ರೂಡ್ರೈವರ್‌ನಿಂದ ಹೆರೆಯಬೇಡಿ. ಅಲ್ಯೂಮಿನಿಯಂ ಮೇಲೆ ಬಿದ್ದ ಒಂದು ಗೀರು ಸಾಕು, ಆಯಿಲ್‌ಗೆ ಅದೇ ಕಾಲುವೆ. ಎರಡೂ ಮೈ ಒಣಗಿರಬೇಕು. ಹೊಸ ಪ್ಯಾಕಿಂಗ್ ತನ್ನ ಗಾಡಿಯಲ್ಲಿ, ಅಂದ್ರೆ ಕವರಿನ ಅಂಚಿನ ಕಾಲುವೆಯಲ್ಲಿ, ಪೂರ್ತಿ ಕೂತಿದೆಯಾ ಬೆರಳಾಡಿಸಿ ನೋಡಿ. ಪ್ಲಗ್ ಕವರ್ ನಡುವೆ ಇರೋ ಎಂಜಿನ್ ಆದ್ರೆ ಪ್ಲಗ್ ಗುಂಡಿಯ ರಬ್ಬರ್ ರಿಂಗ್‌ಗಳನ್ನೂ ಜೊತೆಗೇ ಬದಲಾಯಿಸಿ, ಇಲ್ಲದಿದ್ರೆ ಆಯಿಲ್ ಗುಂಡಿಗಿಳಿದು ಎಂಜಿನ್ ಮಿಸ್ ಹೊಡೆಯತ್ತೆ.

ಗಮ್ ಬೇಡವೇ ಬೇಡ ಅಂತಲ್ಲ. ಟೈಮಿಂಗ್ ಕವರ್ ಹೆಡ್‌ಗೆ ಸೇರೋ ಮೂಲೆಯಲ್ಲಿ, ಅರ್ಧಚಂದ್ರದ ತಿರುವುಗಳಲ್ಲಿ ಒಂದೊಂದು ಬೊಟ್ಟು, ಕಂಪನಿ ಪುಸ್ತಕ ಹೇಳಿದ್ರೆ. ಸುತ್ತಲೂ ಬಳಿದ್ರೆ ಹೆಚ್ಚಾದದ್ದು ಒಳಗೆ ಉದುರಿ ಆಯಿಲ್ ಪಂಪ್‌ನ ಜಾಲರಿ ಕಟ್ಟಿಕೊಳ್ಳತ್ತೆ. ಬೋಲ್ಟ್‌ಗಳನ್ನ ಮೊದಲು ಬೆರಳಲ್ಲೇ ತಿರುಗಿಸಿ, ಆಮೇಲೆ ನಡುವಿನಿಂದ ಹೊರಕ್ಕೆ, ಎರಡು ಮೂರು ಸಲಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿ. ಬಹುಪಾಲು ಕಾರುಗಳಿಗೆ 10 ನ್ಯೂಟನ್ ಮೀಟರ್ ಆಸುಪಾಸು ಸಾಕು. ಚಕ್ರದ ನಟ್‌ಗೆ ಬೇಕಾದ್ದು ಇದರ ಹಲವು ಪಟ್ಟು. ನಿಮ್ಮ ಕಾರಿನ ನಿಖರ ಲೆಕ್ಕ ಪುಸ್ತಕದಲ್ಲೇ ನೋಡಿ, ಟಾರ್ಕ್ ರೆಂಚ್ ಬಾಡಿಗೆಗೋ ಎರವಲಿಗೋ ತನ್ನಿ.

ಇಷ್ಟು ಮಾಡಿಯೂ ತಿಂಗಳಲ್ಲೇ ಮತ್ತೆ ಸೋರಿದ್ರೆ ಪ್ಯಾಕಿಂಗ್ ಬೈಯೋ ಮೊದಲು ಉಸಿರು ನೋಡಿ. ಪಿಸ್ಟನ್ ದಾಟಿ ಕೆಳಗಿಳಿಯೋ ಗಾಳಿ ಹೊರಹೋಗಲೇಬೇಕು. ಹಿಂದೆ ಒಂದು ಕೊಳವೆ ಮೂಲಕ ರಸ್ತೆಗೇ ಬಿಡ್ತಿದ್ರು. 1960ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದವರು ಹೊಗೆ ತಾಳಲಾರದೆ ಅದನ್ನ ಮತ್ತೆ ಎಂಜಿನ್‌ಗೇ ಎಳೆಸಿದ್ರು. ಪಿಸಿವಿ ವಾಲ್ವ್ ಅನ್ನೋದು ಅದೇ. ಅದು ಕಟ್ಟಿಕೊಂಡ್ರೆ ಒಳಗಿನ ಒತ್ತಡ ಹೊಸ ಪ್ಯಾಕಿಂಗನ್ನೂ ತಳ್ಳಿ ಆಯಿಲ್ ಹೊರಗೆ ಕಳಿಸತ್ತೆ. ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋದಾಗ ‘ಹೆಡ್ ಇಳಿಸಬೇಕು, ಎಂಜಿನ್ ಕೆಲಸ’ ಅಂತ ಯಾರಾದ್ರೂ ಹೆದರಿಸಿದ್ರೆ ಮೊದಲು ಈ ಪೈಪು, ಆಮೇಲೆ ಟ್ಯಾಪೆಟ್ ಕವರಿನ ಅಂಚು ನೋಡಿ. ಆಯಿಲ್ ಮೇಲಿಂದ ಕೆಳಗೆ ಹರಿಯತ್ತೆ, ಹಾಗಾಗಿ ಒದ್ದೆಯ ಅತಿ ಎತ್ತರದ ಜಾಗ ಹುಡುಕಬೇಕು.

ಕೆಲಸ ಮುಗಿದ ಮೇಲೆ ಹತ್ತು ನಿಮಿಷ ಸ್ಟಾರ್ಟ್‌ನಲ್ಲಿಟ್ಟು ಟಾರ್ಚ್ ಹಿಡಿದು ಹಿಂದಿನ ಅಂಚು ನೋಡಿ, ಕಣ್ಣಿಗೆ ಬೀಳದ ಜಾಗ ಅದು. ರಾತ್ರಿ ಎಂಜಿನ್ ಅಡಿ ಒಂದು ರಟ್ಟು ಹಾಸಿಡಿ. ಬೆಳಿಗ್ಗೆ ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟವನ್ನೂ ನೋಡಿಬಿಡಿ.

#ಕಡೂರು #ತರೀಕೆರೆ #ಅಜ್ಜಂಪುರ #ಗ್ಯಾರೇಜ್‌ಚರಿತ್ರೆ