ಮೂವತ್ತೆರಡು ವರ್ಷ ನಿಂತುಹೋದ ಓಟ

ಅಥ್ಲೆಟಿಕ್ಸ್‌ನಲ್ಲಿ ಮಧ್ಯಮ ದೂರದ ಓಟಗಳೆನಿಸಿಕೊಳ್ಳುವುದು ಮುಖ್ಯವಾಗಿ 800 ಮತ್ತು 1500 ಮೀಟರ್ ಸ್ಪರ್ಧೆಗಳು. ಇವುಗಳಲ್ಲಿ ಮೊದಲಿನಿಂದ ಕೊನೆಯವರೆಗೆ ಪೂರ್ಣ ವೇಗದಲ್ಲಿ ಓಡಲು ಆಗದು, ಒಂದೇ ಹದದಲ್ಲಿ ಸಾಗಿದರೆ ಗೆಲುವು ದಕ್ಕದು. ಆದ್ದರಿಂದ ವೇಗವನ್ನೂ ದಮ್ಮನ್ನೂ ಲೆಕ್ಕ ಹಾಕಿ ವ್ಯಯಿಸಬಲ್ಲವರಿಗೆ ಮಾತ್ರ ಇವು ಒಲಿಯುತ್ತವೆ. ಮಹಿಳೆಯರಿಗೆ ಈ ಲೆಕ್ಕಾಚಾರವೇ ಮೀರಿದ್ದು ಎಂಬ ನಂಬಿಕೆ ಒಲಿಂಪಿಕ್ಸ್‌ನ ನಿಯಮವಾಗಿ ಮೂರು ದಶಕ ಉಳಿಯಿತು. ಜರ್ಮನಿಯ ಲೀನಾ ರಾಡ್ಕೆಯವರ ಓಟದ ಬದುಕನ್ನು ಗಮನಿಸಿದರೆ ಆ ನಿಯಮದ ಬುಡ ಎಷ್ಟು ಸಡಿಲವಾಗಿತ್ತೆಂಬುದು ತಿಳಿಯುತ್ತದೆ.

1903ರಲ್ಲಿ ಕಾರ್ಲ್ಸ್‌ರೂಹೆ ನಗರದಲ್ಲಿ ಹುಟ್ಟಿದ ರಾಡ್ಕೆ, ತರಬೇತುದಾರ ಗಿಯೋರ್ಗ್ ರಾಡ್ಕೆಯವರನ್ನು ಮದುವೆಯಾಗಿ, ಇಂದು ಪೋಲೆಂಡಿಗೆ ಸೇರಿರುವ ಬ್ರೆಸ್ಲೌ ನಗರದ ಕ್ಲಬ್ಬಿನ ಪರವಾಗಿ ಓಡುತ್ತಿದ್ದರು. ಆ ಹೊತ್ತಿಗೆ ಮಹಿಳಾ ಅಥ್ಲೆಟಿಕ್ಸ್‌ಗೆ ತನ್ನದೇ ವೇದಿಕೆ ಸಿದ್ಧವಾಗಿತ್ತು. ಒಲಿಂಪಿಕ್ಸ್‌ನ ಸ್ಥಾಪಕ ಪಿಯೆರ್ ದ ಕೂಬರ್ತಾಂ ಹೆಂಗಸರು ಸ್ಪರ್ಧೆಗಿಳಿಯುವುದನ್ನೇ ವಿರೋಧಿಸುತ್ತಿದ್ದುದರಿಂದ, ಫ್ರಾನ್ಸಿನ ಆಲಿಸ್ ಮಿಲಿಯಾ 1921ರಲ್ಲಿ ಮಹಿಳೆಯರದೇ ಅಂತರರಾಷ್ಟ್ರೀಯ ಕ್ರೀಡಾ ಒಕ್ಕೂಟವನ್ನು ಕಟ್ಟಿ, ಮರುವರ್ಷ ಪ್ಯಾರಿಸ್‌ನಲ್ಲಿ ಪ್ರತ್ಯೇಕ ಕೂಟವನ್ನೇ ನಡೆಸಿದ್ದರು. ಅದರಲ್ಲಿ 1000 ಮೀಟರ್ ಓಟವೂ ಇದ್ದಿತು. ಈ ಒತ್ತಡಕ್ಕೆ ಮಣಿದು 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಐದು ಅಥ್ಲೆಟಿಕ್ಸ್ ಸ್ಪರ್ಧೆಗಳನ್ನು ಕೊಡಲಾಯಿತು. ಐದೇ ಎಂಬ ಕಾರಣಕ್ಕೆ ಬ್ರಿಟನ್ನಿನ ಓಟಗಾರ್ತಿಯರು ಕೂಟವನ್ನು ಬಹಿಷ್ಕರಿಸಿದರು. ಆ ಐದರಲ್ಲಿ ಒಂದು 800 ಮೀಟರ್ ಓಟ.

ಕೂಟಕ್ಕೆ ಒಂದು ತಿಂಗಳ ಮುಂಚೆ, ಜುಲೈ 1ರಂದು, ರಾಡ್ಕೆ ಈ ದೂರವನ್ನು 2 ನಿಮಿಷ 19.6 ಸೆಕೆಂಡಿನಲ್ಲಿ ಮುಗಿಸಿ, ಸ್ವೀಡನ್ನಿನ ಇಂಗಾ ಜೆಂಟ್ಸೆಲ್ ಹೆಸರಿನಲ್ಲಿದ್ದ ವಿಶ್ವದಾಖಲೆಯನ್ನು ಮುರಿದಿದ್ದರು. ಆಗಸ್ಟ್ 2ರ ಅಂತಿಮ ಸುತ್ತಿನಲ್ಲಿ ಅವರು 2:16.8ರಲ್ಲಿ ಗುರಿ ಮುಟ್ಟಿ ತಮ್ಮ ದಾಖಲೆಯನ್ನು ತಾವೇ ಉತ್ತಮಪಡಿಸಿದರು. ಜಪಾನಿನ ಕಿನೂಯೆ ಹಿತೋಮಿ ಎರಡನೆಯವರಾದರು, ಜೆಂಟ್ಸೆಲ್ ಮೂರನೆಯವರು. ಹಿತೋಮಿಯವರ ಸಾಧನೆ ಒಂದು ಬಗೆಯಲ್ಲಿ ಇನ್ನೂ ಬೆರಗಿನದು: 100 ಮೀಟರ್ ಓಟದ ಸೆಮಿಫೈನಲ್‌ನಲ್ಲಿ ಸೋತು, ಅದುವರೆಗೆ ಯಾವ ಸ್ಪರ್ಧೆಯಲ್ಲೂ ಓಡದಿದ್ದ ದೂರಕ್ಕೆ ಇಳಿದು, ಒಲಿಂಪಿಕ್ ಪದಕ ಗೆದ್ದ ಮೊದಲ ಜಪಾನೀ ಮಹಿಳೆಯಾದ ಅವರು, ಸರಿಯಾಗಿ ಮೂರು ವರ್ಷಗಳ ತರುವಾಯ, 1931ರ ಆಗಸ್ಟ್ 2ರಂದು, ಕಾಯಿಲೆಯಿಂದ 24ನೆಯ ವಯಸ್ಸಿಗೇ ತೀರಿಕೊಂಡರು.

ಟ್ರ್ಯಾಕ್ ಮೇಲೆ ನಡೆದದ್ದು ಇಷ್ಟು; ಪತ್ರಿಕೆಗಳಲ್ಲಿ ಅಚ್ಚಾದದ್ದು ಬೇರೆ. ಹನ್ನೊಂದು ಮಂದಿ ಓಡಿದರು, ಅವರಲ್ಲಿ ಐವರು ಅರ್ಧಕ್ಕೇ ಬಿಟ್ಟರು, ಇನ್ನೈವರು ಗುರಿಯ ಬಳಿ ಕುಸಿದರು ಎಂಬ ವರದಿ ಹಬ್ಬಿತು. ವಾಸ್ತವದಲ್ಲಿ ಓಡಿದವರು ಒಂಬತ್ತು ಮಂದಿ, ಓಟವನ್ನು ಮುಗಿಸಿದವರೂ ಅಷ್ಟೇ ಮಂದಿ. ಕೊನೆಯಲ್ಲಿ ದಣಿದು ನೆಲಕ್ಕೊರಗಿದ್ದು ಉಂಟಾದರೂ, ವಿಶ್ವದಾಖಲೆಯ ವೇಗದಲ್ಲಿ ನಡೆದ ಓಟದ ನಂತರ ಅದು ಅಸಹಜವೇನೂ ಅಲ್ಲ. 1908ರ ಲಂಡನ್ ಒಲಿಂಪಿಕ್ಸ್‌ನ ಮ್ಯಾರಥಾನ್‌ನಲ್ಲಿ ಇಟಲಿಯ ಡೊರಾಂಡೊ ಪಿಯೆತ್ರಿ ಕ್ರೀಡಾಂಗಣದೊಳಗೇ ಮತ್ತೆ ಮತ್ತೆ ಬಿದ್ದು, ಅಧಿಕಾರಿಗಳು ಎತ್ತಿ ನಿಲ್ಲಿಸಿದ್ದಕ್ಕಾಗಿ ಅನರ್ಹಗೊಂಡಾಗ ಇಂಗ್ಲೆಂಡಿನ ರಾಣಿ ಅವರಿಗೆ ಬೆಳ್ಳಿಯ ಬಟ್ಟಲು ಕೊಟ್ಟಳು. ಗಂಡಸರ ಮ್ಯಾರಥಾನ್ ಅದರಿಂದ ರದ್ದಾಗಲಿಲ್ಲ. ಆಮ್‌ಸ್ಟರ್‌ಡ್ಯಾಮಿನ ಓಟಗಾರ್ತಿಯರಿಗೆ ಅಂಥ ಕನಿಕರ ದೊರೆಯಲಿಲ್ಲ. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟವು ಮಹಿಳೆಯರ ಉಳಿದ ಸ್ಪರ್ಧೆಗಳನ್ನು ಇಟ್ಟುಕೊಂಡು 800 ಮೀಟರನ್ನು ಒಲಿಂಪಿಕ್ಸ್‌ನಿಂದ ಕೈಬಿಟ್ಟಿತು.

ರಾಡ್ಕೆಯವರಿಗೆ ಹೀಗೆ ಗೆದ್ದ ಪಟ್ಟವನ್ನು ಉಳಿಸಿಕೊಳ್ಳುವ ಅವಕಾಶವೇ ಇಲ್ಲದಾಯಿತು. 1930ರಲ್ಲಿ ಪ್ರಾಗ್‌ನಲ್ಲಿ ನಡೆದ ಮಹಿಳಾ ವಿಶ್ವ ಕ್ರೀಡಾಕೂಟದ 800 ಮೀಟರ್ ಓಟದಲ್ಲಿ ಅವರು ಬ್ರಿಟನ್ನಿನ ಗ್ಲ್ಯಾಡಿಸ್ ಲನ್ ಅವರ ಹಿಂದೆ ಎರಡನೆಯವರಾದರು. ಆದರೆ ಅವರ ವಿಶ್ವದಾಖಲೆ ಹದಿನಾರು ವರ್ಷ ಅಳಿಯದೆ ನಿಂತಿತು. 1944ರಲ್ಲಿ ಸ್ವೀಡನ್ನಿನ ಆನಾ ಲಾರ್ಸನ್ ಅದನ್ನು ಮುರಿದಾಗ ದೊರೆತದ್ದು ಒಂದು ಸೆಕೆಂಡಿಗೂ ಕಡಿಮೆ ಅಂತರ. ದಾಖಲೆಯ ಈ ದೀರ್ಘಾಯುಷ್ಯವನ್ನು ರಾಡ್ಕೆಯವರ ಹಿರಿಮೆಯೆಂದಷ್ಟೇ ಓದುವುದು ಸರಿಯಾಗದು. ದೊಡ್ಡ ವೇದಿಕೆಯಿಲ್ಲದ ಓಟಕ್ಕೆ ತರಬೇತಿಯೂ ಹೊಸ ಪ್ರತಿಭೆಯೂ ಸಾಲದೆ ಹೋದದ್ದಕ್ಕೂ ಅದು ಸಾಕ್ಷಿ. ಅತಿ ಹೆಚ್ಚು ನಷ್ಟವಾದದ್ದು ಬಹುಶಃ ಸೋವಿಯತ್ ದೇಶದ ನೀನಾ ಒತ್ಕಲೆಂಕೊ ಅವರಿಗೆ. 1950ರ ದಶಕದಲ್ಲಿ ವಿಶ್ವದಾಖಲೆಯನ್ನು ಮತ್ತೆ ಮತ್ತೆ ತಗ್ಗಿಸಿ 1955ರಲ್ಲಿ 2:05.0ಕ್ಕೆ ತಂದು, 1954ರ ಯುರೋಪಿಯನ್ ಚಾಂಪಿಯನ್‌ಷಿಪ್ ಗೆದ್ದಿದ್ದರೂ, ಅವರ ಉಚ್ಛ್ರಾಯದ ಕಾಲದಲ್ಲಿ ಒಲಿಂಪಿಕ್ಸ್‌ನಲ್ಲಿ ಅವರಿಗೆ ಓಡಲು ಓಟವೇ ಇರಲಿಲ್ಲ.

1952ರ ಹೆಲ್ಸಿಂಕಿಯಲ್ಲಿ ಭಾರತದ ಪರವಾಗಿ ಮೊದಲ ಬಾರಿಗೆ ಒಲಿಂಪಿಕ್ ಟ್ರ್ಯಾಕಿಗಿಳಿದ ಮಹಿಳೆಯರಾದ ನೀಲಿಮಾ ಘೋಷ್ ಮತ್ತು ಮೇರಿ ಡಿಸೋಜಾ ಅವರ ಮುಂದಿದ್ದ ಅತಿ ಉದ್ದದ ಓಟವೂ 200 ಮೀಟರಿನದೇ. 800 ಮೀಟರ್ ಮರಳಿದ್ದು 1960ರ ರೋಮ್‌ನಲ್ಲಿ. ಅಲ್ಲಿ ಸೋವಿಯತ್ತಿನ ಲ್ಯುದ್ಮಿಲಾ ಶೆವ್ತ್ಸೋವಾ ವಿಶ್ವದಾಖಲೆಯನ್ನು ಸರಿಗಟ್ಟಿ 2:04.3ರಲ್ಲಿ ಗೆದ್ದರು. 1500 ಮೀಟರ್ ಸೇರಿದ್ದು 1972ರಲ್ಲಿ. ಭಾರತಕ್ಕೆ ಫಲ ದೊರೆಯಲು ಇನ್ನಷ್ಟು ಕಾಲ ಬೇಕಾಯಿತು: 1978ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ 800 ಮೀಟರಿನಲ್ಲಿ ಗೀತಾ ಝುತ್ಶಿ ಚಿನ್ನ ಗೆದ್ದರು, 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕೇರಳದ ಶೈನಿ ಅಬ್ರಹಾಂ ಇದೇ ಓಟದ ಸೆಮಿಫೈನಲ್ ತಲುಪಿದರು. ಹಿಂದಿನ ವರ್ಷವಷ್ಟೇ ರಾಡ್ಕೆ ಕಾರ್ಲ್ಸ್‌ರೂಹೆಯಲ್ಲಿ ತೀರಿಕೊಂಡಿದ್ದರು. ಮದುವೆಯ ನಂತರ ಶೈನಿ ವಿಲ್ಸನ್ ಎನಿಸಿಕೊಂಡ ಶೈನಿ 1995ರಲ್ಲಿ ಮದ್ರಾಸಿನ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ 1:59.85ರಲ್ಲಿ ಓಡಿ, ಎರಡು ನಿಮಿಷದೊಳಗೆ ಈ ದೂರ ಮುಗಿಸಿದ ಮೊದಲ ಭಾರತೀಯ ಮಹಿಳೆಯಾದರು.