ಸಂಬಳ ಉಳಿಯಿತು, ಸರದಿ ತಪ್ಪಿತು

ಗೇರುಸೊಪ್ಪ ಎಂದೊಡನೆ ನೆನಪಾಗುವುದು ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ, ಕಾಡಿನ ನಡುವಿನ ಚತುರ್ಮುಖ ಬಸದಿ ಮತ್ತು ಶರಾವತಿ. ಅರಸೊತ್ತಿಗೆ ಮುಗಿದ ಮೇಲೂ ಈ ಊರು ಹಲವು ಆಡಳಿತಗಳನ್ನು ಕಂಡಿತು. 1799ರಲ್ಲಿ ಟಿಪ್ಪುವಿನ ಪತನಾನಂತರ ಮದರಾಸು ಪ್ರಾಂತ್ಯಕ್ಕೆ, 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ, 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯಕ್ಕೆ ಇದು ಸೇರಿತು. ನಾಡು ಒಂದಾದ ಆ ದಿನವನ್ನು ನಾವು ಹಬ್ಬವಾಗಿ ಆಚರಿಸುತ್ತೇವೆ. ಆದರೆ ಅಂದು ಹೊನ್ನಾವರದ ತಾಲ್ಲೂಕು ಕಚೇರಿಯಲ್ಲಿ ಕುಳಿತಿದ್ದ ಗುಮಾಸ್ತನ ಮನದಲ್ಲಿ ಸಂತೋಷದ ಜತೆಗೆ ಒಂದು ಚಿಂತೆಯೂ ಇದ್ದಿರಬೇಕು: ನನ್ನ ಸಂಬಳ ಏನಾದೀತು? ಬಡ್ತಿ ಯಾವಾಗ ಬಂದೀತು?

ಚಿಂತೆಗೆ ಕಾರಣವಿತ್ತು. ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಹೀಗೆ ಐದು ಆಡಳಿತಗಳ ನೌಕರರು ಒಂದೇ ಸರಕಾರದ ಆಳ್ವಿಕೆಗೆ ಬಂದಿದ್ದರು. ತಾಲ್ಲೂಕಿನ ಮುಖ್ಯಾಧಿಕಾರಿ ಮುಂಬಯಿಯಲ್ಲಿ ಮಾಮಲೇದಾರ, ಹಳೆಯ ಮೈಸೂರಿನಲ್ಲಿ ಅಮಲ್ದಾರ, ಮದರಾಸಿನಲ್ಲಿ ತಹಸೀಲ್ದಾರ. ಹೆಸರು ಬೇರೆ, ಸಂಬಳ ಬೇರೆ, ಬಡ್ತಿಯ ನಿಯಮಗಳೂ ಬೇರೆ. ಯಾವ ಹುದ್ದೆ ಯಾವುದಕ್ಕೆ ಸಮ? ಕೆಲಸದ ಸ್ವರೂಪ, ಹೊಣೆ ಮತ್ತು ಅಧಿಕಾರ, ಕನಿಷ್ಠ ವಿದ್ಯಾರ್ಹತೆ, ಸಂಬಳ ಈ ನಾಲ್ಕನ್ನು ನೋಡಿ ತೀರ್ಮಾನಿಸಬೇಕೆಂದು ಗೊತ್ತುಮಾಡಲಾಯಿತು. ನಂತರ ಎಲ್ಲರನ್ನೂ ಒಂದೇ ಜ್ಯೇಷ್ಠತಾ ಪಟ್ಟಿಯಲ್ಲಿ ಸಾಲಾಗಿ ನಿಲ್ಲಿಸಬೇಕಿತ್ತು.

ರಾಜ್ಯಗಳ ಪುನರ್ವಿಂಗಡಣಾ ಕಾಯಿದೆಯ 115ನೆಯ ಕಲಮು ನೌಕರರಿಗೆ ಒಂದು ಅಭಯ ನೀಡಿತ್ತು. ಕೇಂದ್ರ ಸರಕಾರದ ಪೂರ್ವಾನುಮತಿಯಿಲ್ಲದೆ ಅವರ ಸೇವಾ ನಿಯಮಗಳನ್ನು ಅವರಿಗೆ ನಷ್ಟವಾಗುವಂತೆ ಬದಲಿಸಕೂಡದು. ಆದರೆ ಕೇಂದ್ರವು 1957ರ ಮೇ 11ರಂದು ರಾಜ್ಯಗಳಿಗೆ ಬರೆದ ಪತ್ರ ಈ ಅಭಯದ ಮಿತಿಯನ್ನೂ ತೋರಿಸಿತು. ಸಂಬಳ, ರಜೆ, ಪಿಂಚಣಿಗಳಿಗೆ ರಕ್ಷಣೆ ಉಂಟು; ಇಲಾಖಾ ಬಡ್ತಿಯ ನಿಯಮಗಳಿಗೆ ಅದೇ ರಕ್ಷಣೆ ಇಲ್ಲ. ಮೈಸೂರಿನ ಹೊಸ ನಿಯಮಗಳಿಂದ ತಮ್ಮ ಬಡ್ತಿಗೆ ಧಕ್ಕೆಯಾಯಿತೆಂದು ದಕ್ಷಿಣ ಕನ್ನಡದ ಗುಮಾಸ್ತರೊಬ್ಬರು ಸುಪ್ರೀಂ ಕೋರ್ಟಿನವರೆಗೆ ಹೋದರು. ಆ ಪತ್ರವನ್ನೇ ಪೂರ್ವಾನುಮತಿ ಎಂದು ಭಾವಿಸಬೇಕೆಂದು ನ್ಯಾಯಾಲಯ 1964ರಲ್ಲಿ ಹೇಳಿತು.

ಹುದ್ದೆಯೊಂದು ಖಾಲಿಯಾದರೆ ಅದು ಯಾರ ಪಾಲಿನದೆಂದು ಹೇಳಬೇಕಾದುದು ಜ್ಯೇಷ್ಠತಾ ಪಟ್ಟಿ. ಆ ಪಟ್ಟಿಯೇ ತಾತ್ಕಾಲಿಕವಾಗಿದ್ದರೆ ಬಡ್ತಿಯೂ ತಾತ್ಕಾಲಿಕವೇ. ಪಟ್ಟಿ ಪ್ರಕಟವಾಗುವುದು, ಆಕ್ಷೇಪಣೆ ಬರುವುದು, ಪಟ್ಟಿಯನ್ನು ತಿದ್ದುವುದು, ನ್ಯಾಯಾಲಯಕ್ಕೆ ಹೋಗುವುದು ಹೀಗೆ ವರ್ಷಗಳು ಉರುಳಿದವು. ಪಟ್ಟಿಯಲ್ಲಿ ಮೇಲೆ ಬಂದವನಿಗೆ ಹಿಂದಿನ ದಿನಾಂಕದಿಂದ ಬಡ್ತಿ ಸಿಕ್ಕರೆ ಅಷ್ಟು ವರ್ಷಗಳ ಸಂಬಳದ ಬಾಕಿಯನ್ನು ಕೊಡಬೇಕೇ? ಈ ಪ್ರಶ್ನೆಗೆ ಉತ್ತರವಾಗಿ ರಾಜ್ಯ ಸರಕಾರ ಬಡ್ತಿ, ವೇತನ ಮತ್ತು ಪಿಂಚಣಿ ಕುರಿತ 1973ರ ಕಾಯಿದೆಯನ್ನು ತಂದು, ಬಾಕಿ ಹಣದ ಹೊರೆಯಿಂದ ಪಾರಾಗಲು ನೋಡಿತು. ನ್ಯಾಯಾಲಯದಲ್ಲಿ ಗೆದ್ದು ಬಾಕಿಗೆ ಹಕ್ಕುದಾರರಾಗಿದ್ದವರ ಕೈಯಿಂದಲೂ ಹಣ ತಪ್ಪುವಂತಾಯಿತು. ಅಂಥ ನೌಕರರು ಹೂಡಿದ ಎಸ್. ಆರ್. ಭಾಗವತ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪಿತ್ತಿತು: ನ್ಯಾಯಾಲಯ ಕೊಟ್ಟ ಆದೇಶವನ್ನು ಶಾಸನದ ಮೂಲಕ ಹೀಗೆ ಅಳಿಸಿಹಾಕಲು ಬರುವುದಿಲ್ಲ.

ನೌಕರರು ಗೆದ್ದರು. ಆದರೆ ಏಕೀಕರಣದ ದಿನ 20 ವರ್ಷದವನಾಗಿದ್ದ ಗುಮಾಸ್ತನಿಗೆ ಆ ಹೊತ್ತಿಗೆ 59. ಆಗ ನಿವೃತ್ತಿಯ ವಯಸ್ಸು 58. ಅವನಿಗಿಂತ ಹಿರಿಯರ ಮಾತು ಹೇಳುವುದೇ ಬೇಡ.

ಇಂದಿಗೂ ಸುದ್ದಿಯಾಗುವುದು ಸಂಬಳದ ಶೇಕಡಾವಾರು ಲೆಕ್ಕ. 2023ರ ಮಾರ್ಚ್ 1ರಂದು ರಾಜ್ಯದ ನೌಕರರು ಮುಷ್ಕರ ಹೂಡಿದಾಗ ಸರಕಾರ ಅಂದೇ ಶೇ. 17ರಷ್ಟು ಮಧ್ಯಂತರ ಪರಿಹಾರ ಘೋಷಿಸಿತು. 2024ರ ಆಗಸ್ಟ್ 1ರಿಂದ ಏಳನೆಯ ವೇತನ ಆಯೋಗದ ಶಿಫಾರಸು ಜಾರಿಗೆ ಬಂತು. ಅದೇ ವರ್ಷದ ಕೊನೆಯಲ್ಲಿ, ಒಳಮೀಸಲಾತಿಯ ತೀರ್ಮಾನವಾಗುವವರೆಗೆ ಹೊಸ ನೇಮಕಾತಿಯ ಅಧಿಸೂಚನೆ ಬೇಡವೆಂದು ಸರಕಾರ ನಿಲ್ಲಿಸಿತು. ಕಾರಣ ನ್ಯಾಯವಾದುದೇ ಇರಬಹುದು. ಕಾಯುವವರ ವಯಸ್ಸು ಮಾತ್ರ ಕಾಯುವುದಿಲ್ಲ. ಸಂಬಳದ ಬಾಕಿಯನ್ನು ಎಂದಾದರೂ ತೀರಿಸಬಹುದು. ತಪ್ಪಿಹೋದ ಸರದಿಯನ್ನು ಯಾವ ಆದೇಶವೂ ಹಿಂದಕ್ಕೆ ತಂದುಕೊಡಲಾರದು ಎಂಬುದನ್ನು ಹೊನ್ನಾವರದ ಆ ಗುಮಾಸ್ತನ ತಲೆಮಾರು ಬಲ್ಲದು.