ಹೆಡ್-ಸ್ಮ್ಯಾಶ್ಡ್-ಇನ್ ಬಫಲೋ ಜಂಪ್

ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿರುವ ಪ್ರಾಚೀನ ಬೇಟೆಯ ನೆಲೆ. ರಾಕಿ ಪರ್ವತಗಳ ತಪ್ಪಲು ಹುಲ್ಲುಬಯಲಿಗೆ ಇಳಿಯುವ ಕಡೆ, ಪೋರ್ಕ್ಯುಪೈನ್ ಗುಡ್ಡಗಳ ಅಂಚಿನಲ್ಲಿದೆ. ಬ್ಲ್ಯಾಕ್‌ಫುಟ್ ಜನರ ಪೂರ್ವಜರು ಸುಮಾರು 5,500 ವರ್ಷಗಳ ಹಿಂದಿನಿಂದಲೂ ಇಲ್ಲಿ ಬೈಸನ್ ಹಿಂಡುಗಳನ್ನು ಕಡಿದಾದ ಬಂಡೆಯಿಂದ ಕೆಡವಿ ಬೇಟೆಯಾಡುತ್ತಿದ್ದರು. ಇಂಡಿಯನ್ ಬೈಸನ್ ಎಂದು ಕರೆಯಲಾಗುವ ನಮ್ಮ ಕಾಟಿಯೇ ಬೇರೆ, ಈ ಪ್ರಾಣಿಯೇ ಬೇರೆ.

ಕುದುರೆಗಳಿಲ್ಲದ ಕಾಲದ ಈ ಬೇಟೆ ನಿಜಕ್ಕೂ ಬೆರಗು ಹುಟ್ಟಿಸುವಂಥದು. ಬಂಡೆಯ ಹಿಂದಿನ ವಿಶಾಲ ಮೇವುಗಾವಲಿನಿಂದ ಅಂಚಿನವರೆಗೆ ಸಣ್ಣ ಸಣ್ಣ ಕಲ್ಲುಗುಪ್ಪೆಗಳ ಸಾಲುಗಳನ್ನು ಹಾಕಿ ದಾರಿ ಮಾಡಿದ್ದರು. ಕರುವಿನ ಚರ್ಮ ಹೊದ್ದ ಯುವಕರು ಮುಂದೆ ನಿಂತು ಹಿಂಡನ್ನು ಸೆಳೆಯುತ್ತಿದ್ದರು. ತೋಳದ ಚರ್ಮ ಹೊದ್ದವರು ಹಿಂದಿನಿಂದ ಬೆದರಿಸುತ್ತಿದ್ದರು. ಓಟ ಒಮ್ಮೆ ಬಿರುಸಾದರೆ ಮುಂದಿನ ಪ್ರಾಣಿಗಳಿಗೆ ನಿಲ್ಲಲು ಎಡೆಯೇ ಇರುತ್ತಿರಲಿಲ್ಲ. ಕೆಳಗೆ ಮಾಂಸ ಕೊಯ್ದು ಒಣಗಿಸುವರು. ನೀರು ತುಂಬಿದ ಗುಂಡಿಗೆ ಕಾಯಿಸಿದ ಕಲ್ಲು ಹಾಕಿ, ಮೂಳೆ ಬೇಯಿಸಿ ಕೊಬ್ಬು ತೆಗೆಯುವರು. ಒಣಮಾಂಸದ ಪುಡಿ, ಕೊಬ್ಬು, ಕೆಲವೊಮ್ಮೆ ಕಾಡುಹಣ್ಣು ಸೇರಿಸಿದ ಪೆಮಿಕನ್ ಚಳಿಗಾಲದ ಬುತ್ತಿಯಾಗಿತ್ತು. ಬಂಡೆಯ ಬುಡದಲ್ಲಿ ಮೂಳೆಗಳ ಪದರ ಇಂದಿಗೂ ಹತ್ತು ಮೀಟರಿನಷ್ಟು ಆಳವಿದೆ.

ಪ್ರಾಣಿಗಳು ಬೀಳುವುದನ್ನು ಬಂಡೆಯ ಕೆಳಗೆ ನಿಂತು ನೋಡಲು ಹೋದ ಹುಡುಗನೊಬ್ಬ ಅವುಗಳಡಿ ಸಿಲುಕಿ ತಲೆ ಜಜ್ಜಿಹೋಗಿ ಸತ್ತನೆಂಬ ಐತಿಹ್ಯದಿಂದ ಈ ಹೆಸರು ಬಂದಿದೆ.

19ನೆಯ ಶತಮಾನದ ಕೊನೆಯ ಹೊತ್ತಿಗೆ ಮಿತಿಮೀರಿದ ಬೇಟೆಯಿಂದ ಬಯಲಿನ ಬೈಸನ್‌ಗಳು ಬಹುತೇಕ ಅಳಿದವು. ಬಂದೂಕು ಹಿಡಿದ ಚರ್ಮದ ವ್ಯಾಪಾರವೇ ಇದಕ್ಕೆ ಮುಖ್ಯ ಕಾರಣ, ಈ ಬಂಡೆಯಲ್ಲ. ಯುನೆಸ್ಕೋ 1981ರಲ್ಲಿ ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಗುಡ್ಡದ ಮೈಯೊಳಗೇ ಹುದುಗಿಸಿ ಕಟ್ಟಿದ ವಸ್ತುಸಂಗ್ರಹಾಲಯ 1987ರಲ್ಲಿ ತೆರೆಯಿತು.